ಊದುಬತ್ತಿ ಹೊಸೆದ ಕೈ

ನನ್ನ ಕೈ ನೋಡಿ ಯಾರಾದರೂ "ಎಷ್ಟು ಚೆನ್ನಾಗಿದೆ ಕಣ್ರೀ" ಅಂದರೆ ನನಗೆ ಈಗಲೂ ಸಿಟ್ಟು ಬರುತ್ತದೆ. ಅವರ ತಪ್ಪೇನಿಲ್ಲ ಬಿಡಿ. ಈ ಕೈ ಬೆಳ್ಳಗಾಗಲಿ ಅಂತ ಇನ್ನೊಂದು ಜೊತೆ ಕೈ ಏನು ಪಾಡು ಪಟ್ಟಿತು ಅಂತ ಅವರಿಗೇನು ಗೊತ್ತು?

ತೊಂಬತ್ತರ ದಶಕದ ನಡುವಿನ ಮಾತು. ನಾವು ಅನಂತಪುರದ ಕಡೆಯಿಂದ ಬಂದು ಲಗ್ಗೆರೆಯಲ್ಲಿ ಒಂದು ಶೀಟಿನ ಮನೆ ಬಾಡಿಗೆಗೆ ಹಿಡಿದಿದ್ದೆವು. ಮನೆಯೊಳಗೆ ತೆಲುಗು, ಹೊಸ್ತಿಲು ದಾಟಿದರೆ ಕನ್ನಡ. ಅಪ್ಪ ಯಶವಂತಪುರದ ಯಾರ್ಡಿನಲ್ಲಿ ಮೂಟೆ ಹೊರುತ್ತಿದ್ದ. ಅಮ್ಮ, ನಾನು ಊದುಬತ್ತಿ ಹೊಸೆಯುತ್ತಿದ್ದೆವು. ಇದ್ದಿಲ ಪುಡಿಗೆ ಅಂಟು ಹಾಕಿ ಕಲಸಿದ ಹಿಟ್ಟು, ಬಿದಿರು ಕಡ್ಡಿ, ತಲಾ ಒಂದು ಮಣೆ, ಅಷ್ಟೇ ನಮ್ಮ ಕಾರ್ಖಾನೆ. ಹೊಸೆದೂ ಹೊಸೆದೂ ಬೆರಳಿನ ಗೆರೆಗಳಲ್ಲೆಲ್ಲ ಕಪ್ಪು ಇಳಿದು ಕೂತಿತ್ತು. ಬೀದಿಯ ಹೆಂಗಸರಿಗೆಲ್ಲ ಅಂಥದೇ ಕೈ, ಹಾಗಾಗಿ ನನ್ನದು ಕಪ್ಪು ಅಂತ ನನಗೆ ಹೊಳೆದೇ ಇರಲಿಲ್ಲ.

ಐಟಿಐ ಮುಗಿಸಿದ ಮೇಲೆ ಪೀಣ್ಯದ ಒಂದು ಕಾರ್ಖಾನೆಯಲ್ಲಿ ಒಂದು ವರ್ಷದ ಅಪ್ರೆಂಟಿಸ್ ತರಬೇತಿ ಸಿಕ್ಕಿತು. ಕರೆಂಟು ಮೀಟರಿನ ಒಳಗಿನ ಬೋರ್ಡುಗಳಿಗೆ ಬೆಸುಗೆ ಹಾಕುವ ಕೆಲಸ. ಚೆನ್ನಾಗಿ ಕಲಿತವರನ್ನು ಕೊನೆಗೆ ಕಾಯಂ ಮಾಡಿಕೊಳ್ಳುತ್ತಾರೆ ಅಂತ ಮಾತಿತ್ತು. ಇಲ್ಲಿಯವರಿಗಾದರೆ ಅಲ್ಲಿ ಇಲ್ಲಿ ಹೇಳಿ ಕೆಲಸ ಕೊಡಿಸಲು ಒಬ್ಬ ಸೋದರಮಾವನಾದರೂ ಇರುತ್ತಾನೆ. ಬೇರೆ ಊರಿಂದ ಬಂದ ನಮಗೆ ಯಾರಿದ್ದರು? ಆ ತರಬೇತಿಯೇ ನಮ್ಮ ಸೋದರಮಾವ. ಅದು ಕೈತಪ್ಪಿದರೆ ಮತ್ತೆ ಮಣೆಯ ಮುಂದೆ ಕೂರಬೇಕಿತ್ತು.

ಮೊದಲ ದಿನ ಬಿಳಿ ಕೋಟು ಹಾಕಿಕೊಂಡು ಸಾಲಾಗಿ ನಿಂತೆವು. ಸೂಪರ್‌ವೈಸರ್ ಮೇಡಂ ದಾವಣಗೆರೆ ಕಡೆಯವರು, ಹಣೆಯಲ್ಲಿ ತೆಳ್ಳಗೆ ವಿಭೂತಿ, ಮಾತು ಖಡಕ್ಕು. ಒಬ್ಬೊಬ್ಬರ ಕೈ ತಿರುಗಿಸಿ ನೋಡುತ್ತ ಬಂದವರು ನನ್ನ ಮುಂದೆ ನಿಂತುಬಿಟ್ಟರು.

"ಏನ್ರೀ ಇದು?"

"ಊದುಬತ್ತಿ ಮೇಡಂ. ತೊಳ್ಕೊಂಡೇ ಬಂದಿದೀನಿ."

"ಇದ್ದಿಲ ಪುಡಿ ಬೋರ್ಡ್ ಮೇಲೆ ಕೂತ್ರೆ ಕರೆಂಟು ಎಲ್ಲೆಲ್ಲೋ ಹರಿಯುತ್ತೆ, ಮೀಟರ್ ಕೆಟ್ಟು ವಾಪಸ್ ಬರುತ್ತೆ. ಕೈ ಕ್ಲೀನಾಗೋವರೆಗೂ ಏನೂ ಮುಟ್ಬೇಡಿ. ಈ ತಿಂಗಳು ನೋಡ್ತೀನಿ. ಆಮೇಲೆ ನಾನೂ ಏನೂ ಮಾಡಕ್ಕಾಗಲ್ಲ."

ಸಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ಮನೆಗೆ ಬಂದವಳೇ ಹುಣಸೆಹಣ್ಣು, ಸೀಮೆಎಣ್ಣೆ, ಬಟ್ಟೆ ಸೋಪು ಎಲ್ಲ ಹಾಕಿ ಉಜ್ಜಿದೆ. ಕೈ ಉರಿಯಿತೇ ಹೊರತು ಕಪ್ಪು ಹೋಗಲಿಲ್ಲ. "ಹಾಳಾದ್ ಊದುಬತ್ತಿ!" ಅಂತ ಚೊಂಬು ಎತ್ತಿ ಕುಕ್ಕಿದೆ.

ಮನೆ ಓನರ್ ಅಕ್ಕ ಲಗ್ಗೆರೆಯ ಹಳೇ ಒಕ್ಕಲು ಮನೆತನದವರು. ಸದ್ದಿಗೆ ಹೊರಗೆ ಬಂದು, "ಇಂಗೆ ಉಜ್ಜುದ್ರೆ ಚರ್ಮ ಕಿತ್ ಬತ್ತದೆ ಅಷ್ಟೇಯಾ. ಒಸೆಯೋದ್ ಬುಟ್ಬುಡು, ತಾನೇ ಓಯ್ತದೆ" ಅಂದರು.

"ಬಿಟ್ರೆ ನಿಮ್ಗೆ ಬಾಡಿಗೆ ಯಾರಕ್ಕ ಕೊಡ್ತಾರೆ?" ಅಂದುಬಿಟ್ಟೆ. ಬೇರೆ ದಿನವಾಗಿದ್ದರೆ ಅಮ್ಮ ನನ್ನ ಬಾಯಿಗೆ ಒಂದು ಬಿಡುತ್ತಿದ್ದಳು. ಅವತ್ತು ನನ್ನ ಕೈಗಳನ್ನೇ ನೋಡುತ್ತ ನಿಂತಿದ್ದಳು.

ಮಾರನೇ ಬೆಳಿಗ್ಗೆ ಎದ್ದು ನೋಡಿದರೆ ನನ್ನ ಮಣೆ ಮಂಚದ ಕೆಳಗೆ ಹೋಗಿತ್ತು. ನನಗೆ ಬೇರೆ ಚೊಂಬು, ಬೇರೆ ಟವೆಲ್ಲು, ಬೇರೆ ಚಾಪೆ.

"ಇವತ್ತಿಂದ ನೀನು ಮಡಿ" ಅಂದಳು ಅಮ್ಮ. "ನನ್ನ ಮುಟ್ಟಬೇಡ. ನಾನೂ ನಿನ್ನ ಮುಟ್ಟಲ್ಲ."

ನನಗೆ ನಗು ಬಂತು. ಮಡಿ ಅಂತ ನಮ್ಮನ್ನು ಬಾಗಿಲಾಚೆ ನಿಲ್ಲಿಸಿದವರನ್ನು ನೋಡಿದ್ದೆ. ನಮ್ಮ ಮನೆಗೇ ಅದು ಬರುತ್ತದೆ ಅಂದುಕೊಂಡಿರಲಿಲ್ಲ. ಅಮ್ಮ ನಗಲಿಲ್ಲ, ನನ್ನ ಪಾಲಿನ ಹಿಟ್ಟನ್ನೂ ತನ್ನ ಮುಂದಕ್ಕೆ ಎಳೆದುಕೊಂಡು ಕೂತಳು.

ತಿಂಗಳು ತುಂಬುವ ಮೊದಲೇ ನನ್ನ ಬೆರಳುಗಳ ಕಪ್ಪು ಬಿಟ್ಟಿತು. ಮೇಡಂ ಕೈ ತಿರುಗಿಸಿ ನೋಡಿ, ಬೋರ್ಡುಗಳ ಮುಂದಿನ ಸ್ಟೂಲು ತೋರಿಸಿದರು. ನಾನು ಕೆಲಸ ಕಲಿತೆ, ಚೆನ್ನಾಗೇ ಕಲಿತೆ. ಬೆಸುಗೆ ಹಾಕಿದ ಬೋರ್ಡನ್ನು ಮೇಡಂ ಬೆಳಕಿಗೆ ಹಿಡಿದು "ಹ್ಞೂಂ" ಅಂದರೆ ಸಾಕು, ಅವತ್ತೆಲ್ಲ ಹಸಿವೇ ಆಗುತ್ತಿರಲಿಲ್ಲ.

ಮನೆಯಲ್ಲಿ ಮಾತ್ರ ಮಡಿ ಮುಗಿಯಲಿಲ್ಲ. ಅಮ್ಮ ನನ್ನ ತಲೆ ಬಾಚುವುದನ್ನೇ ಬಿಟ್ಟಳು. ಅವಳ ಮಣಿಕಟ್ಟು ಊದಿಕೊಂಡಿತು. ಅದಕ್ಕೊಂದು ಬಟ್ಟೆ ಬಿಗಿದುಕೊಂಡು ಹೊಸೆದಳು. ಸ್ವಲ್ಪ ಕೈಜೋಡಿಸೋಣ ಅಂತ ಹತ್ತಿರ ಹೋದರೆ ಪೊರಕೆ ತೋರಿಸುತ್ತಿದ್ದಳು. ಒಮ್ಮೆ ನನಗೆ ಜ್ವರ ಬಂದಾಗ ಮೊಣಕೈಯನ್ನು ನನ್ನ ಹಣೆಗೆ ತಾಗಿಸಿ ನೋಡಿದಳು.

"ಕೈಯಲ್ಲಿ ಮುಟ್ಟಮ್ಮ" ಅಂತ ಅತ್ತೆ.

"ಕಪ್ಪು ಹತ್ತುತ್ತೆ" ಅಂದಳು. ಆ ಕಾರ್ಖಾನೆಯ ಮೇಲೆ, ಆ ಮೀಟರುಗಳ ಮೇಲೆ ನನಗೆ ಎಂಥ ದ್ವೇಷ ಬಂತು ಅಂದರೆ, ಬೆಳಿಗ್ಗೆ ಜ್ವರ ಬಿಡದಿದ್ದರೆ ಸಾಕಪ್ಪ ಅಂದುಕೊಂಡೆ. ಜ್ವರ ಬಿಟ್ಟಿತು, ಹೋದೆ.

ವರ್ಷ ಮುಗಿದ ಶನಿವಾರ ಮೇಡಂ ನನ್ನನ್ನು ಪಕ್ಕಕ್ಕೆ ಕರೆದರು. "ಸೋಮವಾರದಿಂದ ನೀವು ಕಾಯಂ ಕಣ್ರೀ. ಮೊದ್ಲು ಮನೇಲಿ ಹೇಳಿ, ಹೋಗಿ."

ಲಾರಿಗಳ ಧೂಳಿನಲ್ಲಿ ಹೇಗೆ ನಡೆದು ಬಂದೆನೋ. ಅಮ್ಮ ಮಣೆಯ ಮುಂದೆ ಕೂತಿದ್ದಳು, ಕೈ ತುಂಬ ಹಿಟ್ಟು.

"ಅಮ್ಮಾ, ತಗೊಂಡ್ರು."

ದಡಕ್ಕನೆ ಎದ್ದಳು. ಎರಡೂ ಕೈ ಚಾಚಿಕೊಂಡು ಬಂದವಳು, ಹತ್ತಿರ ಬರುತ್ತಲೇ ನಿಂತು, ಕೈಗಳನ್ನು ಬೆನ್ನ ಹಿಂದೆ ಮಾಡಿಕೊಂಡಳು. ನನಗೆ ತಡೆಯಲಾಗಲಿಲ್ಲ. ಹೋಗಿ ಆ ಕೈಗಳನ್ನು ಎಳೆದು ಹಿಡಿದುಕೊಂಡೆ.

"ಬಿಡೇ! ಕಪ್ಪಾಗುತ್ತೆ! ನಾಳೆ ಕೆಲಸಕ್ಕೆ ಹೋಗಬೇಕಲ್ಲ ನೀನು!"

"ನಾಳೆ ಭಾನುವಾರ ಅಮ್ಮ."

ಅಮ್ಮ ಒಂದು ಗಳಿಗೆ ಯೋಚಿಸಿದಳು. ಆಮೇಲೆ ಹಿಟ್ಟು ಮೆತ್ತಿದ ಆ ಕೈಗಳಲ್ಲೇ ನನ್ನ ಮುಖ ಹಿಡಿದುಕೊಂಡು ಜೋರಾಗಿ ಅತ್ತಳು.