ಹದಿನೇಳನೆಯ ಸೇನಾಪತಿ

ಸಂಗ್ರಹ ಮಾಡುವವರಿಗೂ ಬಿಡುವು ಬೇಕಂತೆ. ಚುರುಟಿನ ಸೊಂಟಕ್ಕೆ ಸುತ್ತುವ ಕಾಗದದ ಪಟ್ಟಿಗಳನ್ನು ಚಿಮಟದಲ್ಲಿ ಎತ್ತಿ, ಆಲ್ಬಮ್ಮಿಗೆ ಅಂಟಿಸಿ ಅಂಟಿಸಿ ದಣಿದ ಜೀವಗಳಲ್ಲವೇ! ಲೆಯ ಎಂಬ ನದಿಯ ದಂಡೆಯ ನಮ್ಮ ಊರಿನಲ್ಲಿ ಅಂಥವರ ಸಂಘವೊಂದಿತ್ತು. ಹತ್ತು ಗಂಡಸರು, ಒಬ್ಬ ವಿಧವೆ. ಮೊದಲನೆಯ ಹುಚ್ಚಿನಿಂದ ಸುಧಾರಿಸಿಕೊಳ್ಳಲು ಪ್ರತಿಯೊಬ್ಬರಿಗೂ ಎರಡನೆಯದೊಂದು. ಕಾರ್ಯದರ್ಶಿ ಹಿತ್ತಲಲ್ಲಿ ಎಲೆಕೋಸು ಬೆಳೆದು, ದಿನಾ ಬೆಳಿಗ್ಗೆ ಅಳತೆಪಟ್ಟಿ ಹಿಡಿದು ಅದರ ಸುತ್ತಳತೆ ತೆಗೆಯುತ್ತಿದ್ದ. ವಿಧವೆ ಎತ್ತರದ ಕಂಬದ ತುದಿಯ ಮರದ ಹಕ್ಕಿಗೆ ಬಾಣ ಹೊಡೆಯುತ್ತಿದ್ದಳು. ಗಂಡ ಸತ್ತ ಮೇಲೆ ಗುರಿ ಸುಧಾರಿಸಿತು ಎಂದು ಊರು ಆಡಿಕೊಳ್ಳುತ್ತಿತ್ತು. ಮನೆಯೊಳಗಿನ ದುರಾಸೆಯನ್ನು ಹೊರಗೆ ತಂದು ಸ್ವಲ್ಪ ಹೊತ್ತು ಬಿಸಿಲಿಗೆ ಹರವುವುದಕ್ಕೆ ಅವರೆಲ್ಲ ಹವ್ಯಾಸ ಎನ್ನುತ್ತಿದ್ದರು.

ಓಮೇರ್ ಕಾಲನ್ಸ್‌ನ ಬಿಡುವು ಫಿಂಚ್ ಹಕ್ಕಿ. ವಾರವಿಡೀ ಪಟ್ಟಿ ಎಣಿಸಿ ದಣಿದವನು ದಣಿವಾರಿಸಿಕೊಳ್ಳಲು ಭಾನುವಾರ ಹಕ್ಕಿಯ ಕೂಗು ಎಣಿಸುತ್ತಿದ್ದ.

ಅವನದೂ ನನ್ನದೂ ನಾರುಬಟ್ಟೆಯ ಮಿಲ್ಲಿನಲ್ಲಿ ಅಕ್ಕಪಕ್ಕದ ಮಗ್ಗ. ಒಂಬತ್ತು ವಾರ ಗೇಟಿನ ಮುಂದೆ ಮುಷ್ಕರ ಕೂತಾಗ, ಕೈಯೆತ್ತಿಸಿ ಮತ ಎಣಿಸುವ ಕೆಲಸ ಅವನಿಗೇ ಬಿಟ್ಟಿದ್ದೆವು. ಕೊನೆಯ ದಿನ, ಮುಷ್ಕರ ಮುಂದುವರಿಯಲಿ ಎನ್ನುವ ನಮ್ಮ ಕಡೆ ಎರಡು ಕೈ ಕಡಿಮೆ ಬಿತ್ತು. ಎರಡೇ ತಾನೇ, ಸೇರಿಸು ಎಂದು ನಾನು ಮೊಣಕೈಯಲ್ಲಿ ತಿವಿದೆ. ಅವನು ಇದ್ದದ್ದನ್ನು ಇದ್ದ ಹಾಗೇ ಕೂಗಿ ಹೇಳಿದ. ಬಾಲ ಮುದುರಿಕೊಂಡು ಒಳಗೆ ಹೋದೆವು. ಆರು ತಿಂಗಳಿಗೆ ಮಿಲ್ಲು ಹೇಗೂ ಮುಚ್ಚಿತು. ಸತ್ಯಸಂಧನ ಜೊತೆ ಕಾರ್ಮಿಕ ಸಂಘ ಕಟ್ಟಿದರೆ ಇದೇ ಗತಿ.

ಆಮೇಲೆ ಕ್ಷಿಪಣಿಗಳು ಬೇಡ ಎಂದು ಬ್ರಸೆಲ್ಸಿನಲ್ಲಿ ಮೆರವಣಿಗೆ ಆಯಿತು. ಓಮೇರ್ ನನ್ನ ಪಕ್ಕದಲ್ಲೇ ಗಂಟಲು ಹರಿಯುವಂತೆ ಕೂಗಿದ. ಮನೆಗೆ ಬಂದು ಬೊಬ್ಬೆ ಎದ್ದ ಕಾಲನ್ನು ಬಿಸಿನೀರಿಗಿಟ್ಟುಕೊಂಡು, ಅದೇ ಸಂಜೆ ಸೇನಾಪತಿಗಳನ್ನು ಅಂಟಿಸಲು ಕೂತ. ಎಂದೋ ಸುಟ್ಟುಹೋದ ನಮ್ಮೂರ ಚುರುಟಿನ ಕಾರ್ಖಾನೆ ತನ್ನ ಪಟ್ಟಿಗಳ ಮೇಲೆ ಇಪ್ಪತ್ನಾಲ್ಕು ಸೇನಾಪತಿಗಳ ಚಿತ್ರ ಹಾಕಿಸಿತ್ತು. ಓಮೇರ್ ಬಳಿ ಇಪ್ಪತ್ಮೂರು ಇದ್ದವು. ಹದಿನೇಳನೆಯದು ಇರಲಿಲ್ಲ. ಹತ್ತೊಂಬತ್ತು ವರ್ಷದಿಂದ ಆ ಪುಟದ ಖಾಲಿ ಚೌಕ ಅವನನ್ನು ದಿಟ್ಟಿಸುತ್ತಿತ್ತು.

ಅವನ ಹೆಂಡತಿ ಗೊಡೆಲೀವ್ ಒಮ್ಮೆ ನನಗೆ ಹೇಳಿದಳು: "ಮನೇಲಿ ಮಕ್ಳು ಓಡಾಡ್ಬೇಕು ಅಂದೆ ಕಾಮಿಲ್. ಇವ್ರು ಇಪ್ಪತ್ಮೂರು ಗಂಡಸ್ರನ್ನ ತಂದಿಟ್ರು. ಎಲ್ಲಾರ್ಗೂ ಮೀಸೆ."

ಹಕ್ಕಿ ಆಟ ಇಷ್ಟೇ. ಕೆಫೆಯ ಮುಂದಿನ ಬೀದಿಯಲ್ಲಿ ಸಾಲಾಗಿ ಪುಟ್ಟ ಮರದ ಪೆಟ್ಟಿಗೆಗಳು, ಒಂದೊಂದರಲ್ಲಿ ಒಂದೊಂದು ಹಕ್ಕಿ. ಒಂದು ಗಂಟೆಯಲ್ಲಿ ಯಾರದು ಹೆಚ್ಚು ಸಲ ಕೂಗುತ್ತದೋ ಅವರು ಗೆದ್ದ ಹಾಗೆ. ಕೂಗಿನ ಕೊನೆಗೆ "ವೀಟ್" ಎಂಬ ಬಾಲ ಇರಲೇಬೇಕು. ಬಾಲವಿಲ್ಲದ್ದು ಗಡಿಯಾಚೆಯ ಫ್ರೆಂಚರ ಕೂಗು, ಲೆಕ್ಕಕ್ಕಿಲ್ಲ. ಒಂದು ಕೂಗಿಗೆ ಉದ್ದನೆಯ ಕೋಲಿನ ಮೇಲೆ ಸೀಮೆಸುಣ್ಣದ ಒಂದು ಗೆರೆ. ತನ್ನ ಹಕ್ಕಿಯನ್ನು ತಾನು ಎಣಿಸುವಂತಿಲ್ಲ, ಪಕ್ಕದವನದನ್ನು ಎಣಿಸಬೇಕು.

ಆ ವರ್ಷದ ಆಟಗಳ ಕೊನೆಯ ಭಾನುವಾರ ಬೆಳಿಗ್ಗೆ ಕೆಫೆಯಲ್ಲಿ ಚೀಟಿ ಎತ್ತಿದೆವು. ಓಮೇರ್‌ನ ಹಕ್ಕಿ ನನ್ನ ಕೋಲಿಗೆ ಬಂತು. ಅವನ ಕೋಲಿಗೆ ಮೌರಿಟ್ಸ್‌ನ ಹಕ್ಕಿ. ಈ ಮೌರಿಟ್ಸ್ ನಮ್ಮ ಮಿಲ್ಲಿನ ಮೇಸ್ತ್ರಿಯಾಗಿದ್ದವನು. ಮುಷ್ಕರದಲ್ಲಿ ಯಾರು ಎಲ್ಲಿ ಕೂತಿದ್ದರು ಎಂದು ಮಾಲೀಕರಿಗೆ ಪಟ್ಟಿ ಬರೆದುಕೊಟ್ಟ ಮಹಾನುಭಾವ. ಹದಿನಾಲ್ಕು ವರ್ಷ ಆಡಿದರೂ, ಎಲ್ಲ ಭಾನುವಾರಗಳ ಗೆರೆ ಕೂಡಿಸಿ ಕೊಡುವ ವರ್ಷದ ರಾಜನ ಪಟ್ಟ ಅವನಿಗೆ ಸಿಕ್ಕಿರಲಿಲ್ಲ. ಈ ಸಲ ಅದಕ್ಕೆ ಮುನ್ನೂರ ಎಪ್ಪತ್ತೈದು ಗೆರೆ ಸಾಕಿತ್ತು. ಊರಿಗೆಲ್ಲ ಗೊತ್ತಿದ್ದ ಲೆಕ್ಕ.

ಮೌರಿಟ್ಸ್ ಕಾಫಿ ಬಟ್ಟಲು ಹಿಡಿದು ನಮ್ಮ ಮೇಜಿಗೆ ಬಂದ. ಪಾಕೀಟಿನಿಂದ ಏನೋ ತೆಗೆದು ಓಮೇರ್ ಮುಂದಿಟ್ಟ.

"ಮಾವನ ಹಳೇ ಕೋಟಲ್ಲಿ ಸಿಕ್ತು. ನಂಗೆ ಇವೆಲ್ಲ ತಿಳಿಯಲ್ಲಪ್ಪ. ಏನಿದು?"

ಓಮೇರ್ ಮುಟ್ಟಲಿಲ್ಲ. ಮುಟ್ಟಿದರೆ ಬೆರಳಿನ ಎಣ್ಣೆ ಹತ್ತುತ್ತದಲ್ಲ. "ಹದಿನೇಳು, ಮೇಸ್ತ್ರಿ," ಎಂದ. ಸ್ವರ ಹೆಣದ್ದು.

"ಹೌದಾ?" ಮೌರಿಟ್ಸ್ ಅದನ್ನು ಮತ್ತೆ ಜೇಬಿಗಿಳಿಸಿದ. "ಆಟ ಮುಗೀಲಿ, ಮಾತಾಡೋಣ. ನನ್ ಹಕ್ಕಿ ಸ್ವಲ್ಪ ಮೆತ್ತಗೆ ಕೂಗುತ್ತೆ. ಕಿವಿ ಚೂರು ದೊಡ್ಡದು ಮಾಡ್ಕೋ."

"ಏನ್ ಮೇಸ್ತ್ರಿ, ಇದು ಲಂಚಾನೋ, ನಿಶ್ಚಿತಾರ್ಥದ ಉಂಗುರಾನೋ?" ಎಂದೆ ನಾನು.

"ನೀನು ನಿನ್ ಕೋಲು ನೋಡ್ಕೋ ಕಾಮಿಲ್. ನಿಮ್ಮ ಸಂಘ ಸತ್ತು ವರ್ಷಗಟ್ಲೆ ಆಯ್ತು, ಇನ್ನೂ ಬೊಗಳೋದು ಬಿಟ್ಟಿಲ್ಲ."

ಆಟ ಶುರುವಿನ ಕೆಂಪು ಬಾವುಟ ಎದ್ದಿತು. ಮೌರಿಟ್ಸ್‌ನ ಹಕ್ಕಿ ಮೊದಲ ಮುಕ್ಕಾಲು ಗಂಟೆ ಸಂಬಳ ಏರಿದ ಗುಮಾಸ್ತನ ಹಾಗೆ ದುಡಿಯಿತು. ಆಮೇಲೆ ಸುಸ್ತಾಯಿತು. ಮುನ್ನೂರ ಎಪ್ಪತ್ತೊಂದಕ್ಕೆ ನಿಂತಿತು. ಉಳಿದ ಹೊತ್ತಿನಲ್ಲಿ ಏಳೆಂಟು ಸಲ ಬಾಯಿ ತೆರೆದರೂ ಒಂದಕ್ಕೂ ಬಾಲ ಇಲ್ಲ. ಪ್ರತಿ ಅರೆಕೂಗಿಗೂ ಮೌರಿಟ್ಸ್ ಪಕ್ಕದ ಕುರ್ಚಿಯಿಂದ ಕೆಮ್ಮಿದ. ಬೇಕಿದ್ದದ್ದು ನಾಲ್ಕೇ ಗೆರೆ. ಬಾಲ ಕೇಳಿಸಿತು ಎಂದಿದ್ದರೆ ಇಲ್ಲ ಎನ್ನಲು ಅಲ್ಲಿ ಯಾರ ಬಳಿಯೂ ಸಾಕ್ಷಿ ಇರಲಿಲ್ಲ. ಓಮೇರ್‌ನ ಸೀಮೆಸುಣ್ಣ ಕೋಲಿಗೆ ತಾಗಿ ಅಲ್ಲೇ ನಿಂತಿತು. ಕಿವಿಯ ಹಿಂದಿನಿಂದ ಬೆವರು ಇಳಿಯುತ್ತಿತ್ತು. ಎಳೆಯೋ ಮುಂಡೇದೇ, ನಿನ್ನ ಹತ್ತೊಂಬತ್ತು ವರ್ಷದ ಗೋಳು ತೀರಲಿ ಎಂದು ಒಂದು ಕ್ಷಣ ನನಗೇ ಅನ್ನಿಸಿತು.

ಬಾವುಟ ಇಳಿಯಿತು. ಮುನ್ನೂರ ಎಪ್ಪತ್ತೊಂದು.

"ಕೂಗ್ತಲ್ಲೋ! ಬೀದಿಗೆಲ್ಲಾ ಕೇಳಿಸ್ತು!" ಮೌರಿಟ್ಸ್ ಕುರ್ಚಿ ಒದ್ದು ಎದ್ದ.

"ಬಾಲ ಇರ್ಲಿಲ್ಲ ಮೇಸ್ತ್ರಿ."

ಪಟ್ಟ ಕೊಳಾಯಿ ರಿಪೇರಿಯವನ ಪಾಲಾಯಿತು. ಭೇಷ್ ಎಂದು ಓಮೇರ್ ಬೆನ್ನು ತಟ್ಟಿದೆ. ಅವನಿಗೆ ಕೇಳಿಸಲಿಲ್ಲ. ಕಣ್ಣು ಮೌರಿಟ್ಸ್‌ನ ಜೇಬಿನ ಮೇಲೆ.

ಒಳಗೆ ಹೋದ ಮೌರಿಟ್ಸ್ ಕೆಫೆಯವಳಿಂದ ಅಗ್ಗದ ಚುರುಟೊಂದನ್ನು ಕೊಂಡ. ನಿಧಾನಕ್ಕೆ, ಎಲ್ಲರೂ ನೋಡುವ ಹಾಗೆ, ಹದಿನೇಳನೆಯ ಸೇನಾಪತಿಯನ್ನು ಅದರ ಸೊಂಟಕ್ಕೆ ಸುತ್ತಿ ಕಡ್ಡಿ ಗೀರಿದ. ಹುಟ್ಟಿದಾಗಿನಿಂದ ತಂಬಾಕು ಮುಟ್ಟದ ಮನುಷ್ಯ.

ಓಮೇರ್ ಕುರ್ಚಿ ಎಳೆದುಕೊಂಡು ಎದುರಿಗೇ ಕೂತ. ಹೊರಗೆ ರಾಜನಿಗೆ ಹೂಗುಚ್ಛ ಕೊಡುತ್ತಿದ್ದರು; ಇವನಿಗೆ ಅದ್ಯಾವುದೂ ಬೇಡ.

"ಪಟ್ಟಿ ತೆಗ್ದು ಸೇದ್ಬೇಕು ಮೇಸ್ತ್ರಿ. ತುಟಿಗೆ ಅಂಟು ಹತ್ತುತ್ತೆ."

"ನಂಗೆ ಅಂಟು ಅಂದ್ರೆ ಪ್ರಾಣ."

"ಬೂದಿ ಬೀಳುತ್ತೆ, ಇಲ್ಲಿ ಹಾಕಿ," ಎಂದು ಬೂದಿಬಟ್ಟಲನ್ನು ಹತ್ತಿರಕ್ಕೆ ತಳ್ಳಿದ.

ನನ್ನ ಪಿತ್ತ ನೆತ್ತಿಗೇರಿತು. "ಮಾನ ಇದ್ರೆ ಎದ್ದು ಬಾರೋ ಓಮೇರ್. ಆ ಗೆರೆ ಎಳೀದೇ ಇದ್ದೋನು ಇಲ್ಲೇನು ತಿರುಪೆ ಎತ್ತೋದು?"

"ನೀನು ಹೋಗು. ಪಟ್ಟಿಗೆ ಇನ್ನೂ ಎರಡು ಬೆರಳು ಉಳಿದಿದೆ."

ಎರಡು ಬೆರಳು ಒಂದಾಯಿತು. ಕೆಂಡ ಪಟ್ಟಿಯ ಅಂಚಿಗೆ ಬಂತು, ಕಾಗದ ಕಂದಾಯಿತು. ಅಷ್ಟರಲ್ಲಿ ಮೌರಿಟ್ಸ್‌ನ ಮುಖ ಎಲೆಕೋಸಿನ ಬಣ್ಣಕ್ಕೆ ತಿರುಗಿತ್ತು. ಕೆಮ್ಮಿ, ಕಣ್ಣೀರು ಸುರಿಸಿ, ಚುರುಟನ್ನು ನೆಲಕ್ಕೆಸೆದು ಅದರ ಮೇಲೆ ಬೂಟು ಇಟ್ಟ.

ಓಮೇರ್ ಮಂಡಿಯೂರಿ ಮೇಜಿನ ಕೆಳಗೆ ಹೋದ. ಕೆಫೆ ಹೊಟ್ಟೆ ಹಿಡಿದು ನಕ್ಕಿತು. ನಾಲ್ಕು ಗೆರೆಗೆ ಬಗ್ಗದ ಬೆನ್ನು ಒಂದು ಮೋಟು ಚುರುಟಿಗೆ ಬಗ್ಗಿತ್ತು. ಪ್ರಾಮಾಣಿಕತೆ ಬೀರುವಿನ ಒಂದು ಖಾನೆ ಮಾತ್ರ; ಉಳಿದ ಖಾನೆಗಳನ್ನು ಎಳೆದು ನೋಡಬಾರದು.

"ಕಾಲೆತ್ತು, ಮೌರಿಟ್ಸ್."

ಆ ಬೂಟಿನ ಸದ್ದು ಕೇಳಿದರೆ ಮೂವತ್ತು ವರ್ಷ ಮಗ್ಗದ ಮೇಲೆ ತಲೆ ತಗ್ಗಿಸುತ್ತಿದ್ದವನು ನೆಲದ ಮೇಲಿಂದ ಹೇಳಿದ ಮಾತು. ನಗು ನಿಂತಿತು. ಮೌರಿಟ್ಸ್ ನಮ್ಮ ಮುಖಗಳನ್ನೆಲ್ಲ ಒಮ್ಮೆ ನೋಡಿದ, ಯಾರಾದರೂ ಬೇಡ ಎನ್ನಲಿ ಎಂಬಂತೆ. ಯಾರೂ ಅನ್ನಲಿಲ್ಲ. ಕಾಲೆತ್ತಿದ.

ಸೇನಾಪತಿ ಕುತ್ತಿಗೆಯವರೆಗೆ ಸುಟ್ಟುಹೋಗಿದ್ದ. ಓಮೇರ್ ಅವನನ್ನು ಮನೆಗೊಯ್ದು, ಕೆಟಲಿನ ಹಬೆ ಹಿಡಿದು ಬಿಡಿಸಿ, ಒತ್ತಿ ಒಣಗಿಸಿ, ಖಾಲಿ ಚೌಕದಲ್ಲಿ ಕೂರಿಸಿದ. ಮರುದಿನ ನೋಡಲು ಹೋದೆ. ಅವನು ಪುಟ ತೆರೆದು ತೋರಿಸಿದ. ಗೊಡೆಲೀವ್ ಕನ್ನಡಕ ಏರಿಸಿಕೊಂಡು ಬಗ್ಗಿದಳು.

"ಇಪ್ಪತ್ನಾಲ್ಕು ಜನದಲ್ಲಿ ಇವನೊಬ್ನೇ ನೋಡಿ ಕಾಮಿಲ್, ಇದ್ದದ್ದು ಇದ್ದಂಗೆ ಅಚ್ಚಾಗಿರೋನು. ತಲೆ ಇಲ್ಲ, ಪದಕ ಪೂರ್ತಿ."