ಕೇಳಿಸದೆ ಕೊಟ್ಟ ಫೈವ್ ನೈನ್

ಹವ್ಯಾಸಿ ರೇಡಿಯೋದವರಲ್ಲಿ ಒಂದು ರೂಢಿಯಿದೆ. ಎದುರಿನವರು ಮಾತು ಮುಗಿಸಿದ ಮೇಲೆ ಅದು ನಮಗೆ ಹೇಗೆ ತಲುಪಿತೆಂದು ಎರಡು ಅಂಕಿಯಲ್ಲಿ ಹೇಳಬೇಕು. ಮೊದಲನೆಯದು ಮಾತು ಎಷ್ಟು ಅರ್ಥವಾಯಿತು ಎಂಬುದಕ್ಕೆ, ಐದರವರೆಗೆ. ಎರಡನೆಯದು ಸಿಗ್ನಲ್ ಎಷ್ಟು ಜೋರಾಗಿತ್ತು ಎಂಬುದಕ್ಕೆ, ಒಂಬತ್ತರವರೆಗೆ. ಪುಸ್ತಕದಲ್ಲಿರುವುದು ಹೀಗೆ. ನಡೆಯುವುದು ಬೇರೆ. ಯಾರೇ ಬಂದರೂ ನಾವು 'ಫೈವ್ ನೈನ್' ಎಂದುಬಿಡುತ್ತೇವೆ. ಮದುವೆ ಮನೆಯ ಬಾಗಿಲಲ್ಲಿ ಊಟ ಹೇಗಾಯಿತು ಎಂದು ಕೇಳಿದರೆ ಚೆನ್ನಾಗಿತ್ತು ಎನ್ನುವ ಹಾಗೆ.

ನಿಜ ಹೇಳು ಎಂದು ಕೇಳಿದ ಮನುಷ್ಯನಿಗೂ ನಾನು ಹಾಗೇ ಹೇಳಿದೆ. ಅದನ್ನು ಬರೆದಿಡಬೇಕೆಂದು ಕುಳಿತಿದ್ದೇನೆ.

ಹೊಳಲ್ಕೆರೆಯಲ್ಲಿ ನನ್ನದು ರೇಡಿಯೋ, ಟೇಪ್ ರೆಕಾರ್ಡರ್ ರಿಪೇರಿ ಅಂಗಡಿ ಇತ್ತು. ಓದಿದ್ದು ಹತ್ತನೇ ಕ್ಲಾಸು. ವಯಸ್ಸಿನಲ್ಲಿದ್ದಾಗ ಪರೀಕ್ಷೆ ಕಟ್ಟಿ ಹವ್ಯಾಸಿ ರೇಡಿಯೋ ಲೈಸೆನ್ಸ್ ತೆಗೆದುಕೊಂಡೆ. ದಿನಾ ಬೆಳಿಗ್ಗೆ ಏಳಕ್ಕೆ ನಮ್ಮ ಜಿಲ್ಲೆಯ ಏಳೆಂಟು ಮಂದಿ ಒಂದೇ ತರಂಗದಲ್ಲಿ ಸೇರುತ್ತೇವೆ. ಹಿರಿಯೂರಿನವರು ಒಬ್ಬರು, ಜಿಲ್ಲಾ ಕೇಂದ್ರ ದುರ್ಗದವರು ಮೂವರು, ಹೀಗೆ. ಹಾಜರಿ ಕೂಗಿ ಒಬ್ಬೊಬ್ಬರಿಗೆ ಮಾತಾಡಲು ಸರದಿ ಕೊಡುವವನು ನಾನು. ನಾನು ಏನು ಅಂಕಿ ಕೊಡುತ್ತೇನೋ ಉಳಿದವರೂ ಅದನ್ನೇ ಕೊಡುತ್ತಾರೆ.

ಹಾಗೆ ಕೊಡದೆ ಇದ್ದವರು ಒಬ್ಬರೇ. ಹೊಸದುರ್ಗದಲ್ಲಿ ಟೈಪಿಂಗ್ ಇನ್‌ಸ್ಟಿಟ್ಯೂಟ್ ನಡೆಸುತ್ತಿದ್ದ ನನ್ನ ಗೆಳೆಯ. ನನಗಿಂತ ನಾಲ್ಕು ವರ್ಷ ದೊಡ್ಡವನು. ತಪ್ಪು ಅಕ್ಷರಕ್ಕೆ ಸುತ್ತು ಹಾಕಿ ಹಾಕಿ ಅಭ್ಯಾಸವಾದ ಕೈ. ಬೆಳಿಗ್ಗೆ ಬೆಳಿಗ್ಗೆಯೇ, "ಏನಪ್ಪ, ಮೈಕು ಬಾಯಿ ಮುಂದೆ ಐತೋ, ಬಾವಿಯಾಗೆ ಬಿಟ್ಟಿದ್ದೀಯೋ? ತ್ರೀ ಫೋರ್. ಹೋಗಿ ವೈರು ಸರಿ ಮಾಡು, ಆಮೇಲೆ ಮಾತಾಡಾಣ" ಎನ್ನುತ್ತಿದ್ದ. ದುರ್ಗದವರು ಮುನಿಸಿಕೊಂಡದ್ದೂ ಉಂಟು. ಆದರೆ ಅವನು ಫೈವ್ ನೈನ್ ಎಂದ ದಿನ ಎಲ್ಲರಿಗೂ ಖುಷಿಯಾಗುತ್ತಿತ್ತು.

ಎರಡು ವರ್ಷದಿಂದ ನನ್ನ ಕಿವಿ ಮಂದವಾಗುತ್ತ ಬಂತು. ದನಿ ಕೇಳುತ್ತದೆ, ಪದ ಬಿಡಿಸಿಕೊಳ್ಳಲು ಆಗುವುದಿಲ್ಲ. ಇದನ್ನು ಯಾರಿಗೂ ಹೇಳಲಿಲ್ಲ. ಹಾಜರಿ ಕೂಗುವವನಿಗೇ ಕಿವಿ ಇಲ್ಲವೆಂದರೆ ಆ ಜಾಗ ಬೇರೆಯವರಿಗೆ ಹೋಗುತ್ತದೆ. ಅಂಗಡಿ ಮುಚ್ಚಿದ ಮೇಲೆ ನನಗೆ ಉಳಿದಿದ್ದ ಕೆಲಸ ಅದೊಂದೇ.

ಅದೇ ಸಮಯಕ್ಕೆ ಹಿರಿಯೂರಿನ ಆಸ್ಪತ್ರೆಯಲ್ಲಿ ಲ್ಯಾಬ್ ಟೆಕ್ನಿಷಿಯನ್ ಆಗಿರುವ ಮಗಳು ಒಂದು ಯಂತ್ರ ತಂದುಕೊಟ್ಟಳು. ಎರಡೂ ಕೈಯಲ್ಲಿ ಹಿಡಿದು ಗೇಮ್ ಆಡುವ ಕಂಪ್ಯೂಟರ್. ನಡುವೆ ಪರದೆ, ಎರಡು ಪಕ್ಕಕ್ಕೆ ಗುಂಡಿಗಳು, ಹೆಬ್ಬೆರಳಿಗೆ ಎರಡು ಪುಟ್ಟ ಕಡ್ಡಿಗಳು. ಅಳಿಯ ಆಸೆಪಟ್ಟು ತೆಗೆದುಕೊಂಡು, ತಿಂಗಳಿಗೆ ಬೇಸರವಾಗಿ ಬೀರುವಿನಲ್ಲಿ ಇಟ್ಟಿದ್ದನಂತೆ.

"ನಾನೇನು ಆಟ ಆಡ್ಲೇನಮ್ಮ ಈ ವಯಸ್ಸಿಗೆ?" ಎಂದೆ.

"ಆಟದ ಕೆಳಗೆ ಪೂರ್ತಿ ಕಂಪ್ಯೂಟರ್ ಐತಪ್ಪ. ನಿನ್ನ ರೇಡಿಯೋನ ಇದ್ರಾಗೆ ನೋಡಬಹುದು" ಎಂದಳು.

ನೋಡಬಹುದು ಎಂದದ್ದು ಸರಿಯಾಗಿಯೇ ಇತ್ತು. ಹೆಬ್ಬೆರಳಿನಷ್ಟು ದೊಡ್ಡ ಒಂದು ರಿಸೀವರನ್ನು ಅದಕ್ಕೆ ಸಿಕ್ಕಿಸಿ, ಆಂಟೆನಾದ ವೈರು ಕೊಟ್ಟರೆ ಸಾಕು. ನಾನು ಜೀವನವಿಡೀ ಬೆಸುಗೆ ಹಾಕಿದ ಕಾಯಿಲ್ಲು, ಕಂಡೆನ್ಸರುಗಳ ಕೆಲಸವನ್ನೆಲ್ಲ ಒಳಗಿನ ಪ್ರೋಗ್ರಾಂ ಮಾಡುತ್ತದೆ. ಪರದೆಯ ಮೇಲೆ ಇಡೀ ಬ್ಯಾಂಡು, ಅಂದರೆ ತರಂಗಗಳ ಸಾಲು, ನೀಲಿ ಜಲಪಾತದಂತೆ ಮೇಲಿನಿಂದ ಕೆಳಗೆ ಇಳಿಯುತ್ತಿರುತ್ತದೆ. ಯಾರಾದರೂ ಮಾತಾಡಿದರೆ ಅಲ್ಲಿ ಹಳದಿ ಪಟ್ಟೆ. ಜೋರಿದ್ದಷ್ಟೂ ಪಟ್ಟೆ ದಟ್ಟ. ಕಡ್ಡಿಯನ್ನು ಸರಿಸಿ ಪಟ್ಟೆಯ ಮೇಲೆ ನಿಂತರೆ ದನಿ ಬರುತ್ತದೆ. ಚಾರ್ಜರ್ ಹಾಕಿದರೆ ಮಾತ್ರ ಪರದೆ ತುಂಬ ಗೀಚಿದಂತೆ ಗದ್ದಲ ಬರುತ್ತದೆ. ಹಾಗಾಗಿ ಬ್ಯಾಟರಿಯಲ್ಲೇ ನಡೆಸುತ್ತೇನೆ.

ಇನ್ನೊಂದು ಅನುಕೂಲವಿತ್ತು. ಅದು ಬ್ಯಾಂಡನ್ನು ಇಡಿಯಾಗಿ ರೆಕಾರ್ಡು ಮಾಡಿಕೊಳ್ಳುತ್ತದೆ. ಆಮೇಲೆ ಯಾವ ಹೊತ್ತಿಗಾದರೂ ತೆಗೆದು ಮತ್ತೆ ಟ್ಯೂನ್ ಮಾಡಬಹುದು, ಗದ್ದಲ ಸೋಸಬಹುದು, ನಿಧಾನ ಮಾಡಬಹುದು. ನನ್ನ ಕಳ್ಳತನ ಶುರುವಾದದ್ದು ಇಲ್ಲಿ. ಬೆಳಿಗ್ಗೆ ಏನೂ ಅರ್ಥವಾಗದೆ ಎಲ್ಲರಿಗೂ ಫೈವ್ ನೈನ್ ಕೊಡುವುದು. ಮಧ್ಯಾಹ್ನ ಊಟವಾದ ಮೇಲೆ ಹೆಡ್‌ಫೋನ್ ಹಾಕಿಕೊಂಡು ಅವರು ಏನು ಹೇಳಿದ್ದರೆಂದು ಕೇಳುವುದು. ಮರುದಿನ ಎಲ್ಲ ಗೊತ್ತಿದ್ದವನಂತೆ ವಿಚಾರಿಸುವುದು. "ನಿಮ್ಮ ಬೋರಿಗೆ ಮೋಟ್ರು ಇಳಿಸಿದ್ರೇನ್ರಿ?" ಎಂದರೆ ಹಿರಿಯೂರಿನವರು ಹಿಗ್ಗುತ್ತಿದ್ದರು. ಒಬ್ಬರಿಗೂ ಅನುಮಾನ ಬರಲಿಲ್ಲ.

ಹೀಗಿರುವಾಗ ಹೊಸದುರ್ಗದ ನನ್ನ ಗೆಳೆಯನಿಗೆ ಲಕ್ವ ಹೊಡೆಯಿತು. ಬಲಗೈ, ಬಲಗಾಲು, ಮಾತು. ಎರಡು ತಿಂಗಳು ಹಾಜರಿಯಲ್ಲಿ ಅವನ ಸರದಿ ಖಾಲಿ ಹೋಯಿತು. ಕೈಕಾಲು ಒಂದಿಷ್ಟು ಬಂದವು. ಮಾತಿಗಾಗಿ ವಾರಕ್ಕೆ ಎರಡು ಸಲ ದುರ್ಗಕ್ಕೆ, ಮಾತು ಕಲಿಸುವ ಮೇಡಂ ಒಬ್ಬರ ಹತ್ತಿರ ಹೋಗುತ್ತಿದ್ದಾನೆಂದು ಅವನ ಹೆಂಡತಿ ಫೋನಿನಲ್ಲಿ ಹೇಳಿದ್ದರು.

ಒಂದು ಬೆಳಿಗ್ಗೆ ಹಾಜರಿ ಮುಗಿಯುವ ಹೊತ್ತಿಗೆ ಅವನ ಪಟ್ಟೆ ಕಾಣಿಸಿತು. ದಟ್ಟ ಹಳದಿ. ಒಂದೂವರೆ ನಿಮಿಷ ಮಾತಾಡಿದ. ನನಗೆ ಒಂದು ಪದವೂ ಹತ್ತಲಿಲ್ಲ. ಅದು ನನ್ನ ಕಿವಿಯೆಂದೇ ತಿಳಿದೆ. ದಿನವೂ ಆಗುವುದೇ ಅಲ್ಲವೇ? "ಫೈವ್ ನೈನ್. ಎಲ್ಲ ಅರ್ಥ ಆತಪ್ಪ, ಸ್ಪಷ್ಟವಾಗಿ ಐತೆ. ಬಾಳ ಸಂತೋಷ" ಎಂದೆ. ನನ್ನ ಹಿಂದೆ ದುರ್ಗದವರು, ಹಿರಿಯೂರಿನವರು, ಎಲ್ಲರೂ ಫೈವ್ ನೈನ್ ಎಂದರು. ಅವರಿಗೆ ಕಿವಿ ಚೆನ್ನಾಗಿದೆ. ಅವರು ಮರ್ಯಾದೆಗೆ ಹೇಳಿದರು, ನಾನು ನಾಚಿಕೆಗೆ ಹೇಳಿದೆ.

ಆ ಮಧ್ಯಾಹ್ನ ರೆಕಾರ್ಡು ತೆಗೆಯಲಿಲ್ಲ. ಮರುದಿನವೂ ಇಲ್ಲ. ಆಯಾಸ ಎಂದು ನನಗೆ ನಾನೇ ಹೇಳಿಕೊಂಡೆ. ಯಂತ್ರದ ಮೆಮೊರಿ ಕಾರ್ಡು ತುಂಬಿದಾಗ ಉಳಿದವನ್ನು ಅಳಿಸಿದೆ, ಆ ದಿನದ್ದನ್ನು ಅಳಿಸಲಿಲ್ಲ, ಕೇಳಲೂ ಇಲ್ಲ. ಕೇಳಿದರೆ ಗೊತ್ತಾಗಿಬಿಡುತ್ತದೆ ಎಂಬ ಅಂಜಿಕೆ ಇದ್ದಿರಬೇಕು. ಅವನು ದಿನಾ ಬರುತ್ತಿದ್ದ. ನಾನು ದಿನಾ ಫೈವ್ ನೈನ್ ಕೊಡುತ್ತಿದ್ದೆ. ಆರು ವಾರ.

ಆಮೇಲೆ ಅವನ ಹೆಂಡತಿ ಫೋನ್ ಮಾಡಿದರು. ನನ್ನನ್ನು ಅಣ್ಣ ಎಂದೇ ಕರೆಯುತ್ತಾರೆ.

"ಅಣ್ಣ, ಇವ್ರು ದುರ್ಗಕ್ಕೆ ಹೋಗದು ಬಿಟ್ಟವ್ರೆ. ನೀವು ರೇಡಿಯೋದಾಗೆ ಹೇಳಿದ್ರಲ್ಲ, ಆವತ್ತಿಂದ. ಮಾತು ಸರಿ ಹೋಗೈತೆ, ಇನ್ಯಾಕೆ ಮೇಡಂ ಅಂತ ಕೈ ಆಡಿಸ್ತಾರೆ. ನನಗೇ ಅರ್ಧ ತಿಳಿಯಕಿಲ್ಲ. ನಿಮಗೆ ಅದೆಂಗೆ ತಿಳಿತೈತೆ?"

ಫೋನ್ ಇಟ್ಟು ಯಂತ್ರ ಹಿಡಿದು ಜಗಲಿಯ ಮೇಲೆ ಕುಳಿತು ಆ ದಿನದ ರೆಕಾರ್ಡು ತೆಗೆದೆ. ಅವನ ಪಟ್ಟೆ ಅಂಚು ಕೂಡ ಮಸುಕಾಗದೆ ನಿಂತಿತ್ತು. ಗದ್ದಲವಿಲ್ಲ, ಏರಿಳಿತವಿಲ್ಲ. ಪಕ್ಕದ ಪಟ್ಟೆಯಲ್ಲಿ ದುರ್ಗದವರೊಬ್ಬರು ಬೇರೆ ಯಾರೊಡನೆಯೋ ಮಾತಾಡುತ್ತಿದ್ದರು, ಹೆಡ್‌ಫೋನಿನಲ್ಲಿ ಅದು ನನಗೂ ಅರ್ಥವಾಯಿತು. ಇವನದು ಅರ್ಥವಾಗಲಿಲ್ಲ. ಸಿಗ್ನಲ್ಲಿನ ತಪ್ಪಲ್ಲ, ಎಲ್ಲವೂ ನನ್ನ ಕಿವಿಯ ತಪ್ಪೂ ಅಲ್ಲ. ಅವನ ನಾಲಿಗೆಯೇ ತಿರುಗುತ್ತಿರಲಿಲ್ಲ. ಹನ್ನೆರಡು ಸಲ ಕೇಳಿದೆ, ನಿಧಾನ ಮಾಡಿ ಕೇಳಿದೆ. ಕೊನೆಗೆ ಸಿಕ್ಕಿದ್ದು ಇಷ್ಟು: "ಮನೆಯಾಗೆ ಎಲ್ಲ ತಲೆ ಆಡಿಸ್ತಾರೆ. ನಂಬಕಾಗಲ್ಲ. ನೀನು ಹೇಳು. ನಂಬ್ತೀನಿ."

ಮೂರು ದಿನ ತಡಮಾಡಿದೆ. ನಾಲ್ಕನೇ ದಿನ ಯಂತ್ರವನ್ನು ಟವೆಲಿನಲ್ಲಿ ಸುತ್ತಿ ಚೀಲಕ್ಕೆ ಹಾಕಿಕೊಂಡು ಹೊಸದುರ್ಗದ ಬಸ್ಸು ಹತ್ತಿದೆ.

"ಬರ್ರಿ ಅಣ್ಣ, ಕುಂತ್ಕಳ್ರಿ" ಎಂದು ಅವನ ಹೆಂಡತಿ ಕುರ್ಚಿ ಹಾಕಿದರು. ಅವನು ಮಂಚದ ಮೇಲೆ ದಿಂಬಿಗೆ ಒರಗಿದ್ದ. ನನ್ನನ್ನು ಕಂಡು ಬಾಯಿಯ ಒಂದು ಪಕ್ಕದಲ್ಲಿ ನಕ್ಕ. ನಾನು ಒಂದೇ ಉಸಿರಿಗೆ ಹೇಳಿದೆ. ನನಗೆ ಕಿವಿ ಕೇಳುವುದಿಲ್ಲ, ಎರಡು ವರ್ಷವಾಯಿತು. ಎಲ್ಲರಿಗೂ ಸುಳ್ಳು ಅಂಕಿ ಕೊಟ್ಟಿದ್ದೇನೆ. ನಿನಗೂ ಕೊಟ್ಟೆ. ನೀನು ಹೇಳಿದ್ದರಲ್ಲಿ ನನಗೆ ಏನೂ ತಿಳಿದಿರಲಿಲ್ಲ.

ಅವನು ನಂಬಲಿಲ್ಲ. ಎಡಗೈ ಆಡಿಸಿದ. ಯಂತ್ರ ತೆಗೆದು ರೆಕಾರ್ಡು ಹಾಕಿ ಅವನ ತೊಡೆಯ ಮೇಲೆ ಇಟ್ಟೆ. ಮಾತಾಡುವಾಗ ಅವನಿಗೆ ಅವನ ಮಾತು ಸರಿಯಾಗಿಯೇ ಕೇಳುತ್ತಿತ್ತೋ ಏನೋ. ಯಂತ್ರದಿಂದ ಹೊರಗೆ ಬಂದಾಗ ಹೇಗಿದೆಯೆಂದು ತಿಳಿಯಿತು. ಮುಗಿದ ಮೇಲೆ ಎಡಗೈಯ ಹೆಬ್ಬೆರಳಿನಿಂದ ಕಡ್ಡಿಯನ್ನು ತಾನೇ ಹಿಂದಕ್ಕೆ ಎಳೆದು ಮತ್ತೆ ಕೇಳಿದ. ಮೂರು ಸಲ. ಅವನ ಹೆಂಡತಿ ಕಾಫಿ ಲೋಟ ಹಿಡಿದುಕೊಂಡೇ ನಿಂತಿದ್ದರು.

ಅವನು ಏನೋ ಕೇಳಿದ.

"ತಿಳೀಲಿಲ್ಲಪ್ಪ. ಇನ್ನೊಂದು ಸಲ ಹೇಳು" ಎಂದೆ. ಆ ಮಾತನ್ನು ಎರಡು ವರ್ಷದಲ್ಲಿ ಯಾರಿಗೂ ಹೇಳಿರಲಿಲ್ಲ.

ಮತ್ತೆ ಹೇಳಿದ. ಮೂರನೆಯ ಸಲಕ್ಕೆ, ಎಷ್ಟು ಎಂದು ಕೇಳುತ್ತಿದ್ದಾನೆಂದು ಗೊತ್ತಾಯಿತು.

"ಎರಡು" ಎಂದೆ. "ಸಿಗ್ನಲ್ ಒಂಬತ್ತೇ. ಮಾತು ಎರಡು."

ಅವನು ಗೋಡೆ ಕಡೆ ಮುಖ ತಿರುಗಿಸಿ, "ಹೋಗು" ಎಂದ. ಅದು ಸ್ಪಷ್ಟವಾಗಿಯೇ ಕೇಳಿಸಿತು.

ವಾರ ಕಳೆದು ಅವನ ಹೆಂಡತಿಯ ಫೋನ್ ಬಂತು. "ನಾಳೆ ದುರ್ಗಕ್ಕೆ ಹೊಂಟೀವಿ ಅಣ್ಣ. ನಿಮ್ಮನ್ನೂ ಬಾ ಅಂತಾರೆ. ಬಯ್ಯಕೋ ಏನಕೋ, ನನಗೇನೂ ಹೇಳಿಲ್ಲ."

ಅವರು ಬಂದ ಬಸ್ಸನ್ನೇ ಹೊಳಲ್ಕೆರೆಯಲ್ಲಿ ಹತ್ತಿದೆ. ಅವನು ಕಿಟಕಿ ಕಡೆ ನೋಡುತ್ತಿದ್ದ, ನಾನು ಹಿಂದಿನ ಸೀಟಿನಲ್ಲಿ ಕುಳಿತೆ. ದುರ್ಗ ಬರುವವರೆಗೂ ಅವನು ತಿರುಗಲಿಲ್ಲ.

ಮಾತು ಕಲಿಸುವ ಮೇಡಂ ಚಿಕ್ಕ ವಯಸ್ಸಿನವರು. ಚೀಟಿ ನೋಡಿ ಹುಬ್ಬು ಗಂಟು ಹಾಕಿದರು. "ಮೊದಲಿನ ತಿಂಗಳುಗಳೇ ಮುಖ್ಯ ಅಂತ ಹೇಳಿದ್ನಲ್ಲ ಯಜಮಾನ್ರೆ? ಏಳೆಂಟು ವಾರ ಬಂದಿಲ್ಲ. ಯಾಕೆ?"

ಅವನ ಹೆಂಡತಿ ಸೆರಗು ಸರಿಮಾಡಿಕೊಂಡರು. ಅವನು ನನ್ನ ಕಡೆ ನೋಡಲಿಲ್ಲ. ಬೆರಳು ತೋರಿಸಬಹುದಿತ್ತು, ತೋರಿಸಲಿಲ್ಲ. ಮೇಡಂ ಕೇಳಿದ್ದೂ ನನಗೆ ಪೂರ್ತಿ ತಿಳಿದಿರಲಿಲ್ಲ. ಇನ್ನೊಮ್ಮೆ ಹೇಳಿಸಿಕೊಂಡೆ.

"ಇವ್ರು ಬರದೆ ಇದ್ದದ್ದು ನನ್ನಿಂದ" ಎಂದೆ. "ಮಾತು ಸರಿಯಾಗೈತೆ ಅಂತ ಸುಳ್ಳು ಹೇಳಿದೋನು ನಾನು."

ಮೇಡಂ ಚೀಟಿಯಲ್ಲಿ ಏನೋ ಬರೆದುಕೊಂಡರು. ಕುರ್ಚಿಯನ್ನು ಅವನ ಹತ್ತಿರಕ್ಕೆ ಎಳೆದು, "ಬರ್ರಿ, ಪ ಬ ಮ ದಿಂದ ಶುರು ಮಾಡಾಣ" ಎಂದರು. ನಾನು ಹೊರಗೆ ಹೋಗಲು ಎದ್ದೆ. ಅವನು ಎಡಗೈಯಿಂದ ಬೆಂಚಿನ ಕಡೆ ತೋರಿಸಿದ. ಕುಳಿತೆ.