ದೊಡ್ಡ ಮಗುವಿನ ಹೆಸರು

ಇಳಕಲ್ಲಿನ ದವಾಖಾನೆಯೊಂದರಲ್ಲಿ ನಾನು ಹಿರಿಯ ನರ್ಸು. ನನ್ನ ಬಾಯಿ ಜೋರು ಅನ್ನುತ್ತಾರೆ. ಅನ್ನಲಿ, ಆ ಬಾಯಿಯಿಂದ ಒಂದು ಒಳ್ಳೆಯ ಕೆಲಸವೂ ಆಗಿದೆ.

ಒಂದು ಮಧ್ಯಾಹ್ನ ಫ್ಯಾನು ಕೆಟ್ಟಿತೆಂದು ಜ್ವರದ ರೋಗಿಯೊಬ್ಬನನ್ನು ಗಾಳಿ ಬರುವ ಮಂಚಕ್ಕೆ ಬದಲಿಸಿದ್ದರು. ಆ ಮಂಚದಲ್ಲಿ ಮೊದಲಿದ್ದ ಸಕ್ಕರೆ ಕಾಯಿಲೆಯವನು ಬೇರೆ ಕೋಣೆಗೆ ಹೋಗಿದ್ದ, ಅವನ ಹೆಸರು, ಔಷಧಿ ಬರೆದ ಚೀಟಿ ಮಾತ್ರ ಅಲ್ಲೇ ನೇತಾಡುತ್ತಿತ್ತು. ಹೊಸದಾಗಿ ಸೇರಿದ್ದ ನರ್ಸ್ ಹುಡುಗಿ ಇನ್ಸುಲಿನ್ ಹಿಡಿದು ಬಂದಳು. ರೋಗಿ ಮಂಪರಿನಲ್ಲಿದ್ದ. ಪಕ್ಕದಲ್ಲಿ ಕೂತಿದ್ದ ಅವನ ಹೆಂಡತಿಯನ್ನು ಕೇಳಿದಳು, "ಇವರ ಹೆಸರ ಏನ್ರಿ, ಅಕ್ಕಾರ?"

ಅಮೀನಗಡ ಕಡೆಯ ಆ ಹೆಂಗಸು ಸೆರಗು ಬಾಯಿಗೆ ಹಿಡಿದು ನಕ್ಕಳು. ಗಂಡನ ಹೆಸರನ್ನು ಬಾಯಿಬಿಟ್ಟು ಹೇಳುವುದಕ್ಕೆ ನಮ್ಮ ಕಡೆ ಬಹಳ ಹೆಂಗಸರು ಈಗಲೂ ನಾಚುತ್ತಾರೆ. ಹುಡುಗಿ ಚೀಟಿ ತೋರಿಸಿ, "ಇದ ಹೌದಲ್ರಿ?" ಎಂದಳು. ಓದಲು ಬಾರದ ಆಕೆ ಹೌದೆಂದು ತಲೆಯಾಡಿಸಿದಳು. ಹುಡುಗಿ ಇನ್ಸುಲಿನ್ ಚುಚ್ಚಿದಳು.

ಸ್ವಲ್ಪ ಹೊತ್ತಿಗೆ ರಕ್ತದ ಸಕ್ಕರೆ ಇಳಿದು ಅವನು ಬೆವತು ತೊಪ್ಪೆಯಾದ. ಗ್ಲೂಕೋಸ್ ಏರಿಸಿ ಉಳಿಸಿಕೊಂಡೆವು.

"ನಾ ಇನ್ನ ಸಿರಿಂಜ್ ಮುಟ್ಟಂಗಿಲ್ರಿ" ಎಂದು ಹುಡುಗಿ ಅತ್ತಳು. ಅವಳನ್ನು ಕೆಲಸದಿಂದ ತೆಗೆಯಬೇಕೆಂದು ಡಾಕ್ಟರು ಪಟ್ಟು ಹಿಡಿದು ಕೂತಿದ್ದರು. ನನಗೆ ಸಿಟ್ಟು ನೆತ್ತಿಗೇರಿತು.

"ಇಕಿನ್ನ ತೆಗದ್ರ ನಾಳೆ ಬರಾಕಿನೂ ಇದ ಪ್ರಶ್ನಿ ಕೇಳ್ತಾಳ್ರಿ, ಸರ್. ಮೊದಲ ಪ್ರಶ್ನಿ ಬದಲ ಮಾಡೂಣು."

ಚೀಟಿಯನ್ನು ಮಂಚದಿಂದ ಕಿತ್ತೆವು. ಹೆಸರಿನ ಪಟ್ಟಿಯನ್ನು ರೋಗಿಯ ಮುಂಗೈಗೇ ಕಟ್ಟಿ, ಅದರಲ್ಲಿ ದೊಡ್ಡ ಮಗುವಿನ ಹೆಸರನ್ನೂ ಬರೆಸಿದೆ. ನಮ್ಮ ಹೆಂಗಸರು ಗಂಡನನ್ನು ಮಗುವಿನ ಅಪ್ಪ ಎಂದೇ ಕರೆಯುವುದು. ಮಗುವಿನ ಹೆಸರು ಕೇಳಿದರೆ ವಾರ್ಡೆಲ್ಲ ಕೇಳುವಂತೆ ಹೇಳುತ್ತಾರೆ. ಮಕ್ಕಳಿಲ್ಲದಿದ್ದರೆ ಹೆಂಡತಿಯದೇ ಹೆಸರು.

"ಇದೇನ್ ಬೀಗರ ಮಾತುಕತಿ ಏನ್ರಿ?" ಎಂದು ಡಾಕ್ಟರು ನಕ್ಕರು. ನಕ್ಕರೂ ಒಪ್ಪಿದರು. ಹುಡುಗಿಯ ಪಕ್ಕದಲ್ಲಿ ನಿಂತು ಮತ್ತೆ ಸೂಜಿ ಹಿಡಿಸಿದೆ.

ಹೋದ ವರ್ಷ ನಮ್ಮ ಮನೆಯವರನ್ನೇ ನಮ್ಮ ದವಾಖಾನೆಯಲ್ಲಿ ಸೇರಿಸಬೇಕಾಯಿತು. ಅದೇ ಹುಡುಗಿ ಇಂಜೆಕ್ಷನ್ ಹಿಡಿದು ಬಂದು ನನ್ನೆದುರು ನಿಂತಳು.

"ನಿಮ್ಮ ದೊಡ್ಡ ಮಗಳ ಹೆಸರ ಏನ್ರಿ, ಅಕ್ಕಾರ?"

"ನನ್ನ ಮನ್ಯಾಗ ಉಂಡಾಕಿ, ನನ್ನನ್ನ ಕೇಳ್ತಿ ಏನು?" ಎಂದು ರೇಗಿದೆ.

"ಹೇಳ್ರಿ" ಎಂದಳು. ಸೂಜಿ ಮುಂದೆ ಬರಲಿಲ್ಲ.

ಹೇಳಿದೆ. ಮುಂಗೈಯ ಪಟ್ಟಿ ನೋಡಿದಳು, ಆಮೇಲೆ ಚುಚ್ಚಿದಳು. ನಾನು ಹೊರಗೆ ಬಂದು ಗೋಡೆಗೆ ಒರಗಿ ಅತ್ತುಬಿಟ್ಟೆ, ಅಷ್ಟು ನೆಮ್ಮದಿಯಾಗಿತ್ತು.